ಯಾರೆಂದು ಕೇಳದೆ ಹೇಳಿದ ನಂಬರು

ಒಂಬತ್ತು, ಸೊನ್ನೆ, ನಾಲ್ಕು. ನಾಲ್ಕು, ಎರಡು, ಆರು. ಬೆಳಗಿನಿಂದ ತಸ್ಲೀಮ ಈ ಆರಂಕಿಯನ್ನು ಕಡಿಮೆಯೆಂದರೂ ನಾಲ್ಕು ಸಾವಿರ ಸಲ ಹೇಳಿಕೊಂಡಿರಬೇಕು. ಹಲ್ಲುಜ್ಜುವಾಗ ಹೇಳಿಕೊಂಡಳು, ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯುವಾಗ ಅದನ್ನೇ ನೋಡುತ್ತ ನಿಂತು ಹೇಳಿಕೊಂಡಳು, ನಮಾಜಿಗೆ ನಿಂತಾಗ ಮೂರನೆಯ ಸಾಲಿಗೆ ಅದೇ ಬಂದು ಅಡ್ಡ ನಿಂತಿತು. ತೌಬಾ ಎಂದು ಗಲ್ಲ ಮುಟ್ಟಿಕೊಂಡು ಮೊದಲಿನಿಂದ ಶುರು ಮಾಡಿದರೆ ಈ ಸಲ ಎರಡನೆಯ ಸಾಲಿಗೇ ಹಾಜರ್. ಕೆಳಗಿನ ಬ್ಯಾಟರಿ ಅಂಗಡಿಯ ಶಟರ್ ಎತ್ತುವ ಮೊದಲು ಚಹಾಕ್ಕೆ ಬಂದ ಗಂಡ ಜುಲ್ಫೀಕಾರ ಅವಳ ಮುಖ ನೋಡಿ, "ಕ್ಯಾ ಹುವಾ ಬೇಗಂ? ಕಲ್ ಶಾಲ್, ಆಜ್ ಯೇ ಹಾಲ್?" ಎಂದು ನಕ್ಕ. ನಿನ್ನೆ ಅವಳಿಗೆ ಹೊದಿಸಿದ ಶಾಲು ಕುರ್ಚಿಯ ಬೆನ್ನಿಗೆ ತಾನೇ ಸನ್ಮಾನ ಮಾಡಿಸಿಕೊಂಡಂತೆ ನೇತಾಡುತ್ತಿತ್ತು. ಏನಿಲ್ಲ ಎಂದಳು. ಏನಿಲ್ಲ ಎನ್ನುವುದು ಎಷ್ಟು ಸುಲಭದ ಮಾತು, ಬಾಯಿಗೆ ಒಂದು ಚೂರೂ ತ್ರಾಸು ಕೊಡುವುದಿಲ್ಲ ಎಂದು ಅವಳಿಗೇ ಆಶ್ಚರ್ಯವಾಯಿತು. ಇದೇ ಸಲೀಸು ಸಂಜೆಯವರೆಗೂ ಇದ್ದರೆ ಸಾಕು ಎಂದುಕೊಂಡದ್ದು ತನ್ನ ತಲೆಯೇ, ಬೇರೆ ಯಾರೂ ಅಲ್ಲ ಎಂಬುದು ಬುರ್ಖಾ ತೊಟ್ಟು ಮೆಟ್ಟಿಲಿಳಿಯುವಾಗ ಗೊತ್ತಾಯಿತು.

ಮೆಟ್ಟಿಲ ಪಕ್ಕದಲ್ಲೇ ಬೋರ್ಡು: ಅಮಾನತ್ ಮಹಿಳಾ ಹಣಕಾಸು ಸಲಹಾ ಕೇಂದ್ರ, ನೌಬಾದ, ಬೀದರ. ಬೋರ್ಡು ಎಷ್ಟು ದೊಡ್ಡದೆಂದರೆ ಹುಮನಾಬಾದಿನಿಂದ ಬರುವ ಲಾರಿಯವರು ಎರಡು ಮೈಲು ದೂರದಿಂದ ಓದಿ ಗೇರು ಬದಲಿಸುತ್ತಾರೆ ಎಂದು ಅವಳು ಹೇಳುವುದುಂಟು. ಒಳಗಿನ ಬಂಡವಾಳ ಮಾತ್ರ ಒಂದು ಮೇಜು, ಎರಡು ಕುರ್ಚಿ, ಮತ್ತು ಅವಳ ಬ್ಯಾಗಿನಲ್ಲಿರುವ ಮೂರು ಕರೀ ಕೀಪ್ಯಾಡ್ ಫೋನುಗಳು. ಆ ಫೋನುಗಳೇ ಅವಳ ವಿದ್ಯೆ. ಯಾವ ಬ್ಯಾಂಕಿನ ದೊಡ್ಡ ಸಾಹೇಬನಿಗೂ ಹೊಳೆಯದ್ದು ಏಳು ವರ್ಷದ ಹಿಂದೆ ಅವಳಿಗೆ ಹೊಳೆದಿತ್ತು. ಹೆಂಗಸರು ಗಂಡನಿಗೆ ತಿಳಿಯದಂತೆ ಖಾತೆ ತೆಗೆದು ಐವತ್ತು ನೂರು ಕೂಡಿಡುತ್ತಾರೆ, ಸರಿ. ಆದರೆ ಬ್ಯಾಂಕಿನ ಮೆಸೇಜು ಯಾರ ಫೋನಿಗೆ ಬರಬೇಕು? ಮನೆಯಲ್ಲಿರುವುದು ಗಂಡನ ಫೋನು. ಟಣ್ ಎಂದು ಒಂದು ಸಲ ಸದ್ದಾದರೆ ಹತ್ತು ವರ್ಷದ ಗುಟ್ಟು ಬಯಲು. ಹಾಗಾಗಿ ನನ್ನ ನಂಬರ್ ಬರೀರಿ ಎಂದಳು. ಮೊದಲು ಮೂವರು ಬರೆಸಿದರು, ಆಮೇಲೆ ಮೂವತ್ತು, ಈಗ ನೂರಾ ಎಂಬತ್ತೆರಡು. ಬೀದರ, ಭಾಲ್ಕಿ, ಔರಾದಗಳಲ್ಲಿ ಯಾವ ಹೆಂಗಸು ಎಷ್ಟು ಇಟ್ಟಳು, ಎಷ್ಟು ತೆಗೆದಳು ಎಂಬುದು ತಸ್ಲೀಮಳ ಬ್ಯಾಗಿನಲ್ಲಿ ಟಣ್ ಎನ್ನುತ್ತದೆ. ದೊಡ್ಡ ಮೊತ್ತ ತೆಗೆಯಬೇಕಾದರೆ ಬ್ಯಾಂಕಿನಿಂದ ಆರಂಕಿಯ ಒಂದು ನಂಬರು ಬರುತ್ತದೆ. ಹೆಂಗಸರು ಕೌಂಟರಿನ ಮುಂದೆ ನಿಂತು ಯಾರದೋ ಫೋನಿನಿಂದ ಅವಳಿಗೆ ಕರೆ ಮಾಡುತ್ತಾರೆ, ಅವಳು ಓದಿ ಹೇಳುತ್ತಾಳೆ, ಅವರು ಕೌಂಟರಿನವನಿಗೆ ಹೇಳುತ್ತಾರೆ, ಹಣ ಬರುತ್ತದೆ. ಏಳು ವರ್ಷದಲ್ಲಿ ಒಂದೇ ಒಂದು ರೂಪಾಯಿ ಆಚೀಚೆ ಆಗಿಲ್ಲ. ನಿನ್ನೆ ರಂಗಮಂದಿರದಲ್ಲಿ ನಿರೂಪಣೆಯ ಹುಡುಗಿ ಇದೇ ಮಾತನ್ನು ಹೇಳಿದಳು, ಒಂದೇ ಒಂದು ರೂಪಾಯಿ. ಜನ ಚಪ್ಪಾಳೆ ತಟ್ಟಿದರು. ನಾಲ್ಕುನೂರು ಕುರ್ಚಿಗಳ ಸಭಾಂಗಣ. ಮನೆಗೆ ಬಂದು ಸಾವಿರ ಜನ ಇದ್ದರು ಎಂದಿದ್ದಳು, ಊಟಕ್ಕೆ ಕೂಡುವ ಹೊತ್ತಿಗೆ ಅದು ಎರಡು ಸಾವಿರವಾಗಿತ್ತು.

ಆ ಚಪ್ಪಾಳೆಯ ನಡುವೆಯೇ ಫೋನು ಬಂದದ್ದು. ಶಾಲು ಹೆಗಲ ಮೇಲಿತ್ತು, ಕೈಯಲ್ಲಿ ಹಣ್ಣಿನ ಬುಟ್ಟಿ, ಬಾಯಿಯ ಮುಂದೆ ಮೈಕು. ಎತ್ತಬಾರದಿತ್ತು. ಆದರೆ ಎತ್ತಿದರೆ ಎಷ್ಟು ಚಂದ ಕಾಣುತ್ತದೆ ಎಂಬುದು ಅವಳಿಗೆ ಆ ಕ್ಷಣದಲ್ಲಿ ಹೊಳೆದಿತ್ತು, ಈಗ ಬಸ್ಸಿಗೆ ಕಾಯುತ್ತ ನಿಂತು ಆ ಹೊಳೆದದ್ದನ್ನು ನೆನೆದು ಬುರ್ಖಾದ ಮುಸುಕನ್ನು ಇನ್ನಷ್ಟು ಕೆಳಗೆಳೆದುಕೊಂಡಳು. ಹಣ್ಣಿನ ಬುಟ್ಟಿಯನ್ನು ಅತಿಥಿಯ ಮಡಿಲಿಗಿಟ್ಟು ಫೋನು ಎತ್ತಿದ್ದಳು. "ಆಪಾ, ನಂಬರ್ ಬಂದದೇನ್ರಿ ನೋಡ್ರಿ, ಲಗೂನ ಹೇಳ್ರಿ, ಕೌಂಟರ್ ಬಂದ್ ಮಾಡ್ಲತ್ತಾರ." ಎಳೆಯ ದನಿ. ಯಾರು ಎಂದು ಕೇಳಲಿಲ್ಲ. ಯಾರ ಖಾತೆ ಎಂದು ನೋಡಲಿಲ್ಲ. ಒಂಬತ್ತು, ಸೊನ್ನೆ, ನಾಲ್ಕು, ನಾಲ್ಕು, ಎರಡು, ಆರು ಎಂದು ಓದಿದಳು, ಮೈಕು ಅದನ್ನು ಇಡೀ ಸಭಾಂಗಣಕ್ಕೆ ಕೇಳಿಸಿತು, ನಿರೂಪಣೆಯ ಹುಡುಗಿ "ನೋಡ್ರಿ, ಸನ್ಮಾನದ ಹೊತ್ತಿನಾಗೂ ಸೇವೆ!" ಎಂದಳು, ಮತ್ತೆ ಚಪ್ಪಾಳೆ. ಆ ಚಪ್ಪಾಳೆ ಮೊದಲಿನದಕ್ಕಿಂತ ಜೋರಾಗಿತ್ತು. ಇಂದು ಬೆಳಿಗ್ಗೆ ಫೋನುಗಳನ್ನು ಚಾರ್ಜಿಗೆ ಹಾಕುವಾಗ ಮೆಸೇಜು ಕಂಡಿತು. ಕೊನೆಯ ನಾಲ್ಕಂಕಿ ನೋಡಿದಳು, ನೋಟ್‌ಬುಕ್ಕಿನಲ್ಲಿ ಹುಡುಕಿದಳು. ಲಲಿತಾಬಾಯಿ, ಔರಾದ. ಒಂದು ಲಕ್ಷ ಹದಿನಾಲ್ಕು ಸಾವಿರ ಹೋಗಿದೆ. ಉಳಿದದ್ದು ಮುನ್ನೂರ ಹನ್ನೆರಡು.

ಸರಕಾರಿ ಸಾಲಿಯಲ್ಲಿ ಬಿಸಿಯೂಟದ ಅಡುಗೆ ಮಾಡುವ ಲಲಿತಾಬಾಯಿ. ಏಳು ವರ್ಷ ಅನ್ನ ಬಸಿದು, ರಜೆಯಲ್ಲಿ ಹಪ್ಪಳ ಒತ್ತಿ ಮಾರಿ, ಗಂಡ ಹಾವಗೆಪ್ಪನ ಕಣ್ಣು ತಪ್ಪಿಸಿ ಇಟ್ಟ ಹಣ. ಅರವತ್ತಾಗುವವರೆಗೆ ಮುಟ್ಟಬಾರದು ಎಂದು ತಸ್ಲೀಮಳೇ ಯೋಜನೆ ಹಾಕಿಕೊಟ್ಟಿದ್ದಳು, ಇನ್ನೂ ಮೂರು ವರ್ಷ ಬಾಕಿ. ಲಲಿತಾಬಾಯಿಯೇ ತೆಗೆದಿದ್ದರೆ? ಇಲ್ಲ. ಲಲಿತಾಬಾಯಿ ತನ್ನನ್ನು ಕೇಳದೆ ಒಂದು ಗುಂಡುಪಿನ್ನೂ ಕೊಳ್ಳುವುದಿಲ್ಲ. ಕರೆ ಮಾಡಿದರೆ ಅವಳೇ ಮಾಡುತ್ತಾಳೆ, ಹಣದ ಮಾತು ಒಂದು ನಿಮಿಷ, ಮಂಡಿನೋವು ಹದಿನೈದು ನಿಮಿಷ. ಆ ಎಳೆಯ ದನಿ ಯಾರದು? ಹೋದ ತಿಂಗಳು ಹೀಗೇ ಭಾಲ್ಕಿಯಲ್ಲಿ ಯಾರೋ ಫೋನಿನಲ್ಲಿ ಸೊಸೆಯ ದನಿ ತೆಗೆದು ಒಬ್ಬ ಅತ್ತೆಯ ಹಣ ನುಂಗಿದ್ದರು. ನಿನ್ನೆ ಬಂದ ನಂಬರಿಗೆ ತಿರುಗಿ ಮಾಡಿದರೆ ಸ್ವಿಚ್ ಆಫ್. ಲಲಿತಾಬಾಯಿಗೆ ಫೋನಿಲ್ಲ. ಹಾವಗೆಪ್ಪನ ಫೋನಿಗೆ ಮಾಡುವಂತಿಲ್ಲ. ಬ್ಯಾಂಕಿಗೆ ಭಾನುವಾರ. ಸ್ವಿಚ್ ಆಫ್ ಎಂದು ಆ ಯಂತ್ರದ ಹೆಣ್ಣು ಹೇಳಿದಾಗ ತನ್ನೊಳಗೆ ಏನೋ ಹಗುರಾದದ್ದು ತಸ್ಲೀಮಳಿಗೆ ಗೊತ್ತಾಯಿತು, ಹಗುರಾದದ್ದಕ್ಕೆ ನಾಚಿಕೆಯೂ ಆಯಿತು.

ಇನ್ನೊಂದು ದಾರಿಯಿತ್ತು. ಆ ದಾರಿಯನ್ನು ಅವಳಷ್ಟು ಚೆನ್ನಾಗಿ ಬಲ್ಲವರು ಮೂರು ತಾಲೂಕಿನಲ್ಲಿ ಇಲ್ಲ. ಹಣ ಹೋದ ಕೂಡಲೇ ಸೈಬರ್ ಪೊಲೀಸರ ಒಂದು ಒಂಬತ್ತು ಮೂರು ಸೊನ್ನೆಗೆ ಫೋನು ಮಾಡಿರಿ, ಒಂದೊಂದು ನಿಮಿಷವೂ ಒಂದೊಂದು ತೊಲ ಬಂಗಾರ ಎಂದು ಕೂಗಿ ಕೂಗಿ ಹೆಂಗಸರಿಗೆ ಬಾಯಿಪಾಠ ಮಾಡಿಸಿದವಳು. ನೌಬಾದದ ತಿರುವಿನಲ್ಲಿ ಕಬ್ಬಿನ ಲಾರಿಯೊಂದು ಧೂಳೆಬ್ಬಿಸಿ ಹೋದ ಮೇಲೆ ಮಾಡಿದಳು. ಕನ್ನಡಕ್ಕಾಗಿ ಒತ್ತಿ ಎಂದರು, ಒತ್ತಿದಳು. ಒಬ್ಬ ಗಂಡಸು, ಬಹಳ ಸಭ್ಯ ದನಿ, "ನಮಸ್ಕಾರ, ದೂರು ಕೊಡುವವರ ಹೆಸರು ಹೇಳಿ" ಎಂದ. ಬಾಯಿ ತೆರೆದಳು. ಎದುರಿಗೆ ತನ್ನದೇ ಬೋರ್ಡು ಕಾಣುತ್ತಿತ್ತು. ಹೆಸರಾದ ಮೇಲೆ ಖಾತೆ ಯಾರದು ಎನ್ನುತ್ತಾನೆ, ನಂಬರು ಯಾರ ಫೋನಿಗೆ ಬಂತು ಎನ್ನುತ್ತಾನೆ, ಯಾರು ಹೇಳಿದರು, ಎಲ್ಲಿ ನಿಂತು ಹೇಳಿದರು. ಮೈಕಿನಲ್ಲಿ ಎಂದು ಬರೆದುಕೊಳ್ಳುತ್ತಾನೆ. "ರಾಂಗ್ ನಂಬರ್ರಿ" ಎಂದಳು ತಸ್ಲೀಮ, ತಾನೇ ಮಾಡಿದ ಕರೆಗೆ, ಮತ್ತು ಕಟ್ ಮಾಡಿದಳು. ಬಸ್ಸು ಬಂತು. ಅವಳು ಎಂದೂ ಕಿಟಕಿಯ ಸೀಟು ಬಿಟ್ಟವಳಲ್ಲ, ಇಂದು ಖಾಲಿ ಕಿಟಕಿ ಬಿಟ್ಟು ನಡುವೆ ಕೂತಳು.

ಭಾಲ್ಕಿಯಲ್ಲಿ ಹನ್ನೊಂದಕ್ಕೆ ರಾಧಿಕಾಳ ಬ್ಲೌಸ್ ಹೊಲಿಯುವ ಅಂಗಡಿಯಲ್ಲಿ ತರಗತಿ. ಬಿಟ್ಟು ನೇರ ಔರಾದಕ್ಕೆ ಹೋಗಬಹುದಿತ್ತು. ಬಿಟ್ಟರೆ ಯಾಕೆ ಬಿಟ್ಟಳು ಎಂದು ಕೇಳುತ್ತಾರೆ ಎಂಬ ನೆಪ ಸಿಕ್ಕಿತು. ಹೊಲಿಗೆ ಯಂತ್ರಗಳನ್ನು ಗೋಡೆಗೆ ಸರಿಸಿ ಇಪ್ಪತ್ತು ಹೆಂಗಸರು ಕೂತಿದ್ದರು, ಚಿಂದಿ ಬಟ್ಟೆಯ ಬಣ್ಣಬಣ್ಣದ ಗುಡ್ಡೆಗಳ ನಡುವೆ. ಗೋಡೆಯ ಮೇಲೆ ರಾಧಿಕಾ ನಿನ್ನೆಯ ಫೋಟೋ ಈಗಾಗಲೇ ದೊಡ್ಡದು ಮಾಡಿಸಿ ಅಂಟಿಸಿದ್ದಳು: ಶಾಲು, ಮೈಕು, ಕಿವಿಗೆ ಫೋನು ಹಿಡಿದ ತಸ್ಲೀಮ. ಅದರ ಕೆಳಗೇ ಅವಳಿಗೆ ಕುರ್ಚಿ. ತರಗತಿಗೆ ಒಂದು ಪದ್ಧತಿಯಿತ್ತು, ಕೊನೆಗೆ ಎಲ್ಲರೂ ಒಕ್ಕೊರಲಿನಲ್ಲಿ ಕೂಗಬೇಕು. ಇಂದು ಮರೆತಂತೆ ಮಾಡಿ ಎದ್ದಳು, ರಾಧಿಕಾ ಬಿಡಲಿಲ್ಲ. "ಆಪಾ, ಕೂಗು ಉಳೀತಲ್ರಿ!"

"ನಂಬರ್ ಬಂತು?" ಎಂದಳು ತಸ್ಲೀಮ.

"ಬಂತ್ರಿ!"

"ಗಂಡಗ ಹೇಳ್ತೀರಿ?"

"ಇಲ್ರಿ!"

"ತಮ್ಮಗ?"

"ಇಲ್ರಿ!"

"ಮ್ಯಾನೇಜರ್ ಸಾಹೇಬ ಹೂವಿನ ಹಾರ ತಗೊಂಡು ಬಂದು ಕಾಲಿಗಿ ಬಿದ್ರ?"

"ಇಲ್ರೀ!" ಎಂಬ ಕೂಗಿಗೆ ಅಂಗಡಿಯ ತಗಡು ಹಾರಿ ರೈಲ್ವೆ ಸ್ಟೇಶನ್ನಿನ ಮೇಲೆ ಬೀಳಬೇಕಿತ್ತು. ಕೂಗು ಇಳಿದ ಮೇಲೆ ಮೂಲೆಯಲ್ಲಿ ಕಾಲು ಚಾಚಿ ಕೂತಿದ್ದ ಬಿಸ್ಮಿಲ್ಲಾಬೀ, ಎಪ್ಪತ್ತರ ಮುದುಕಿ, ಬಾಯಲ್ಲಿದ್ದ ಎಲೆಯಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಕಳಿಸಿ ಕೇಳಿದಳು, "ಔರ್ ತುಮ್ಕೂ, ಆಪಾ? ನಿಮಗ ಹೇಳಬೇಕೋ ಬ್ಯಾಡೋ?"

"ನಾನಿ, ನಂಬರ್ ಆಪಾನ ಫೋನಿಗೇ ಬರ್ತದ. ಆಪಾ ನಮಗ ಹೇಳ್ತಾರ," ಎಂದಳು ರಾಧಿಕಾ.

"ಹಂಗಂದ್ರ ಬಾಯಿ ಮುಚ್ಕೋಬೇಕಾದಾಕಿ ಆಪಾನೇ ಆದ್ಳು. ನಮಗ್ಯಾಕ ಗಂಟಲ ಹರಕೋಳಾಕ ಹಚ್ಚೀರಿ?"

ಹೆಂಗಸರು ಹೊಟ್ಟೆ ಹಿಡಿದು ನಕ್ಕರು. ಎಲ್ಲರಿಗಿಂತ ಜೋರಾಗಿ ತಸ್ಲೀಮ ನಕ್ಕಳು, ನಗುತ್ತ ನಗುತ್ತ ಬಿಸ್ಮಿಲ್ಲಾಬೀಯ ಮುಖವನ್ನೇ ನೋಡುತ್ತಿದ್ದಳು. ಮುದುಕಿಗೆ ಗೊತ್ತಾಗಿದೆ. ಏನೂ ಗೊತ್ತಿಲ್ಲ, ಸುಮ್ಮನೆ ಚೇಷ್ಟೆ. ಗೊತ್ತಾಗಿದೆ, ಇಲ್ಲದಿದ್ದರೆ ಇಂದೇ ಯಾಕೆ. ಮಾತು ಬೇರೆ ಕಡೆ ಹೊರಳಿಸಬೇಕಿತ್ತು, ಕೈಗೆ ಹತ್ತಿರ ಸಿಕ್ಕವಳು ಶಮೀಮ, ಹೊಸದಾಗಿ ಮದುವೆಯಾದವಳು. "ಶಮೀಮ, ಗುರುವಾರ ಎರಡು ಸಾವಿರ ತೆಗೆದೀಯಲ್ಲ, ಏನ್ ಮಾಡ್ದಿ?" ಎಂದಳು. ಶಮೀಮ "ಸುಮ್ನ, ಆಪಾ" ಎಂದಳು. "ಸುಮ್ನ ಅನ್ನೂದು ಯಾ ಅಂಗಡ್ಯಾಗ ಸಿಗ್ತದವ್ವ? ನನಗೂ ಒಂದು ಕಿಲೋ ತಗೊಂಡ್ ಬಾ." ಮತ್ತೆ ನಗು, ಈ ಸಲ ಸರಿಯಾದ ಕಡೆಗೆ ತಿರುಗಿದ ನಗು. ಶಮೀಮ ಕೆಳಗೆ ಬಿದ್ದಿದ್ದ ಒಂದು ಹಸಿರು ಚಿಂದಿಯನ್ನು ಎತ್ತಿ ಅದರ ದಾರಗಳನ್ನು ಒಂದೊಂದೇ ಎಳೆಯತೊಡಗಿದಳು. ಅವಳ ಕಿವಿ ಕೆಂಪಾಗಿತ್ತು. ಎಂದಿನಂತೆ ಇದು ಕಾಳಜಿ, ಯಾರಾದರೂ ಇಷ್ಟು ಕಾಳಜಿಯಿಂದ ಕೇಳುತ್ತಾರೆಯೇ ಎಂದು ತಸ್ಲೀಮ ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡದ್ದು ಎಂದಿನಷ್ಟು ಬೇಗ ಒಳಗಿಳಿಯಲಿಲ್ಲ.

ಔರಾದದ ಬಸ್ಸು ಮಾಂಜ್ರಾ ಸೇತುವೆ ದಾಟುವ ಹೊತ್ತಿಗೆ ಅವಳ ತಲೆಯಲ್ಲಿ ಐದು ಭಾಷಣಗಳು ತಯಾರಾಗಿದ್ದವು. ಮೊದಲನೆಯದರಲ್ಲಿ ಅವಳು ಲಲಿತಾಬಾಯಿಯ ಕೈ ಹಿಡಿದು ನಡೆದದ್ದನ್ನು ನಡೆದ ಹಾಗೆ ಹೇಳಿ ಅಳುತ್ತಾಳೆ. ಎರಡನೆಯದರಲ್ಲಿ ಅಳುವುದಿಲ್ಲ, ಹೇಳುತ್ತಾಳೆ ಅಷ್ಟೆ. ಮೂರನೆಯದರಲ್ಲಿ ಮೈಕು ಇರಲಿಲ್ಲ. ನಾಲ್ಕನೆಯದರಲ್ಲಿ ಶಾಲೂ ಇರಲಿಲ್ಲ, ಅವಳು ಜ್ವರ ಬಂದು ಮಲಗಿದ್ದಳು, ಯಾರೋ ಫೋನು ಎತ್ತಿದರು. ಐದನೆಯದರಲ್ಲಿ ಯಾರೂ ಫೋನೇ ಎತ್ತಲಿಲ್ಲ. ಹೊರಗೆ ತೊಗರಿ ಹಳದಿ ಹೂ ಬಿಟ್ಟು ಮೈಲುಗಟ್ಟಲೆ ನಿಂತಿತ್ತು, ಕಂಡಕ್ಟರ್ ಯಾರ ಜೊತೆಗೋ ಮರಾಠಿಯಲ್ಲಿ ಚಿಲ್ಲರೆಗಾಗಿ ಜಗಳ ತೆಗೆದಿದ್ದ, ಮತ್ತು ತಸ್ಲೀಮ ನೆನೆಯುತ್ತಿದ್ದದ್ದು ಎರಡು ವರ್ಷದ ಹಿಂದಿನ ಒಂದು ಮಧ್ಯಾಹ್ನ. ಬ್ಯಾಗಿನಲ್ಲಿ ಟಣ್ ಎಂದಿತ್ತು, ಲಲಿತಾಬಾಯಿಯ ಖಾತೆಯಿಂದ ಮೂರು ಸಾವಿರ. ಲಲಿತಾಬಾಯಿ ಬ್ಯಾಂಕಿನ ಮೆಟ್ಟಿಲು ಇಳಿಯುವ ಮೊದಲೇ ತಸ್ಲೀಮ ಕಾವಲುಗಾರನ ಫೋನಿಗೆ ಕರೆ ಮಾಡಿ ಅವಳನ್ನು ಹಿಡಿದಿದ್ದಳು. "ಯಾತಕ್ಕ ಬಾಯಾರ?" "ಒಂದು ಸೀರಿ ನೋಡೀನ್ರಿ, ಆಪಾ." "ಮನ್ಯಾಗ ಎಷ್ಟು ಸೀರಿ ಅವ?" ಆಚೆ ಲಲಿತಾಬಾಯಿ ಬಾಯೊಳಗೇ ಎಣಿಸಿದಳು. "ಅವ್ರಿ, ಸಾಕಷ್ಟು ಅವ." ಲಲಿತಾಬಾಯಿ ಆಗಲೇ ತಿರುಗಿ ಹೋಗಿ ಮೂರು ಸಾವಿರವನ್ನೂ ಮತ್ತೆ ಖಾತೆಗೆ ಹಾಕಿದ್ದಳು, ಟಣ್. ಎಷ್ಟು ತರಗತಿಗಳಲ್ಲಿ ಹೇಳಿದ್ದಾಳೆ ಈ ಕಥೆಯನ್ನು! ಔರಾದದ ಒಬ್ಬ ಬಾಯಿ, ಮೂರು ಸಾವಿರದ ಸೀರೆ ಬಿಟ್ಟಳು, ಇಂದು ಅವಳ ಖಾತೆಯಲ್ಲಿ ನಾಲ್ಕು ಲಕ್ಷ ಇದೆ. ನಾಲ್ಕು ಲಕ್ಷ ಎಂದೂ ಇರಲಿಲ್ಲ. ಭಾಷಣದಲ್ಲಿ ಒಂದು ಲಕ್ಷ ಎಂದರೆ ಯಾರೂ ತಲೆ ಎತ್ತುವುದಿಲ್ಲವಲ್ಲ. ಆ ಸೀರೆ ಯಾವ ಬಣ್ಣದ್ದು ಎಂದು ತಾನು ಕೇಳಿರಲಿಲ್ಲ ಎಂಬುದು ಸಂತಪುರದ ಹತ್ತಿರ, ಬಸ್ಸು ಒಂದು ಎಮ್ಮೆಗಾಗಿ ನಿಂತಾಗ, ಕಾರಣವಿಲ್ಲದೆ ಹೊಳೆಯಿತು.

ಹಾವಗೆಪ್ಪ ಬಾಗಿಲ ಮುಂದೆ ಹೊರಸಿನ ಮೇಲೆ ಕೂತು ಫೋನಿನಲ್ಲಿ ಕುಸ್ತಿ ನೋಡುತ್ತಿದ್ದ. ಅವನ ಪ್ರಕಾರ ತಸ್ಲೀಮ ವಿಮೆ ಮಾರುವವಳು. "ಬರ್ರಿ ಬರ್ರಿ ಆಪಾ. ನಾ ಇನ್ನಾ ಸತ್ತಿಲ್ರಿ. ಆವಾಗ ಹೇಳಿ ಕಳಸ್ತೇನಿ, ತಗೊಂಡ್ ಬರ್ರಿ ರೊಕ್ಕ," ಎಂದ, ಕುಸ್ತಿಯಿಂದ ಕಣ್ಣು ತೆಗೆಯದೆ. ಎಂದಿನ ನಗೆಮಾತು. ಎಂದಿನಂತೆ ನಕ್ಕು ಚಪ್ಪಲಿ ಬಿಟ್ಟು ಒಳಗೆ ಹೋದಳು. ಹಿತ್ತಲ ಕಡೆಯ ಅಡುಗೆಮನೆಯಲ್ಲಿ ಲಲಿತಾಬಾಯಿ ರೊಟ್ಟಿ ಬಡಿಯುತ್ತಿದ್ದಳು. ಸೊಸೆ ಐಶ್ವರ್ಯಾ ಪಕ್ಕದಲ್ಲಿ ಬದನೆಕಾಯಿ ಹೆಚ್ಚುತ್ತಿದ್ದವಳು ತಸ್ಲೀಮಳನ್ನು ಕಂಡ ಕೂಡಲೇ ಚಾಕು ಇಟ್ಟು, ಸೆರಗು ಸರಿಮಾಡಿಕೊಂಡು, ನೀರು ತರುತ್ತೇನೆಂದು ಹೊರಟುಹೋದಳು. ಕೊಡ ತುಂಬಿ ತುಳುಕುತ್ತ ಅಲ್ಲೇ ಇತ್ತು. ತಸ್ಲೀಮ ಅದನ್ನು ನೋಡಿದಳು, ನೋಡಿದ್ದರಿಂದ ಏನನ್ನೂ ತಿಳಿಯಲಿಲ್ಲ.

"ಕೂಡ್ರಿ, ಆಪಾ. ಆ ಮಣಿ ಎಳಕೋರಿ. ಐತವಾರ ದಿನ ಬಂದ್ರಿ?"

"ಒಂದ್ ಮಾತ್ ಹೇಳಬೇಕಿತ್ರಿ, ಬಾಯಾರ."

"ಹೇಳ್ರಿ." ಟಪ್, ಟಪ್, ಟಪ್ ಎಂದು ರೊಟ್ಟಿ ಕೈಯ ಕೆಳಗೆ ತಿರುಗುತ್ತಿತ್ತು.

ಮೊದಲನೆಯ ಭಾಷಣ ನಾಲಗೆಯವರೆಗೆ ಬಂದಿತ್ತು. ನಿಜವಾಗಿಯೂ ಬಂದಿತ್ತು. ಆದರೆ ಮಣೆಯ ಮೇಲೆ ಕೂತಾಗ ಲಲಿತಾಬಾಯಿಯ ಮುಂಗೈ ಕಂಡಿತು, ಅನ್ನದ ಗಂಜಿ ಬಿದ್ದು ಸುಟ್ಟ ಹಳೆಯ ಕಲೆಗಳು ಮೊಳಕೈವರೆಗೆ, ಮತ್ತು ಬಾಯಿ ತಾನೇ ತೆರೆದು ಬೇರೊಂದನ್ನು ಹೇಳಿತು. "ಬ್ಯಾಂಕಿನ ಕಂಪ್ಯೂಟರಿಗಿ ಏನೋ ಆಗ್ಯಾದ್ರಿ." ಒಮ್ಮೆ ಹೊರಬಿದ್ದ ಮೇಲೆ ಅದಕ್ಕೆ ಕೈಕಾಲು ಮೂಡುವುದು ತಡವಾಗಲಿಲ್ಲ. ಬೊಂಬಾಯಿಯಲ್ಲಿ ಒಂದು ದೊಡ್ಡ ಕಂಪ್ಯೂಟರಿದೆ, ಬೀದರ ಕೋಟೆಯಷ್ಟು ದೊಡ್ಡದು, ಎಲ್ಲರ ಹಣವೂ ಅದರಲ್ಲೇ ಇರುವುದು. ಶನಿವಾರ ಅದರ ವೈರು ಸುಟ್ಟಿದೆ. ಸಾವಿರಾರು ಜನರ ಖಾತೆಯಲ್ಲಿ ಹಣ ಕಾಣುತ್ತಿಲ್ಲ. ಕಾಣುತ್ತಿಲ್ಲ ಅಷ್ಟೆ, ಹೋಗಿಲ್ಲ. ಜಪಾನಿನಿಂದ ಇಂಜಿನಿಯರುಗಳು ವಿಮಾನದಲ್ಲಿ ಹೊರಟಿದ್ದಾರೆ. ಎರಡು ತಿಂಗಳಾಗಬಹುದು, ಮೂರಾಗಬಹುದು. ಅಷ್ಟರಲ್ಲಿ ತನ್ನ ಬಳೆ ಮಾರಿಯಾದರೂ ಖಾತೆಗೆ ತುಂಬಿದರಾಯಿತು ಎಂದು ಒಳಗೆ ಲೆಕ್ಕ ಹಾಕುತ್ತಲೇ ಹೇಳಿದಳು, ಹೇಳುತ್ತ ಹೇಳುತ್ತ ತನಗೇ ಅರ್ಧ ನಂಬಿಕೆ ಬಂತು, ಬೊಂಬಾಯಿಯ ಆ ಸುಟ್ಟ ವೈರಿನ ವಾಸನೆ ಮೂಗಿಗೆ ಬಂತು. ಅದು ಹಂಚಿನ ಮೇಲಿನ ರೊಟ್ಟಿ ಸೀದ ವಾಸನೆಯಾಗಿತ್ತು.

"ವೈರ್ ಹ್ಯಾಂಗ ಸುಡ್ತದ್ರಿ ಅಷ್ಟು ದೊಡ್ಡದು?" ಎಂದಳು ಲಲಿತಾಬಾಯಿ, ರೊಟ್ಟಿ ತಿರುವಿ ಹಾಕುತ್ತ.

"ಇಲಿ ಕಡದಾವಂತ್ರಿ."

"ಇಲಿ."

"ಬೊಂಬಾಯಿ ಇಲಿ ಅಂದ್ರ ಬೆಕ್ಕಿನಷ್ಟು ಇರ್ತಾವ, ಬಾಯಾರ."

ಲಲಿತಾಬಾಯಿ ಹಂಚಿನಿಂದ ರೊಟ್ಟಿ ತೆಗೆದು ಬುಟ್ಟಿಗೆ ಹಾಕಿದಳು, ಇನ್ನೊಂದು ಉಂಡೆ ಕೈಗೆತ್ತಿಕೊಂಡಳು, ಅದನ್ನು ಬಡಿಯಲಿಲ್ಲ. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಸಾಲಿಯಲ್ಲಿ ಎರಡನೆಯ ಸಲ ಊಟಕ್ಕೆ ಬಂದು ನಿಂತು ಇನ್ನೂ ಉಂಡಿಲ್ಲ ಎನ್ನುವ ಮಕ್ಕಳನ್ನು ಅವಳು ಹೀಗೇ ನೋಡುತ್ತಿದ್ದಿರಬೇಕು.

"ಎಷ್ಟು ಛಂದ ಹೇಳ್ತೀರಿ, ಆಪಾ," ಎಂದಳು. ಆಮೇಲೆ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ, "ರೊಕ್ಕ ನಾ ತೆಗಸೀನ್ರಿ. ನಿನ್ನಿ ಫೋನ್ ಮಾಡಿದಾಕಿ ಐಶ್ವರ್ಯಾ. ಬ್ಯಾಂಕಿನ ಹೊರಗ ಜೆರಾಕ್ಸ್ ಅಂಗಡ್ಯಾನ ಫೋನಿಂದ."

ಹೊರಗೆ ಕುಸ್ತಿಯ ಜನ ಯಾರನ್ನೋ ಎತ್ತಿ ಒಗೆದದ್ದಕ್ಕೆ ಹೋ ಎಂದರು. ತಸ್ಲೀಮಳಿಗೆ ಮೊದಲು ಬಂದದ್ದು ಸಂತೋಷ, ಹಣ ಹೋಗಿಲ್ಲ, ಹೋಗಿಲ್ಲ, ಒಂದೇ ಒಂದು ರೂಪಾಯಿ. ಆ ಸಂತೋಷ ಎದೆಯಿಂದ ಗಂಟಲಿಗೆ ಬರುವ ದಾರಿಯಲ್ಲಿ ಬೊಂಬಾಯಿಯ ಇಲಿ ಎದುರಾಯಿತು, ಬೆಕ್ಕಿನಷ್ಟು ದೊಡ್ಡದು, ಎರಡು ಕಾಲ ಮೇಲೆ ನಿಂತು ಅವಳನ್ನು ನೋಡುತ್ತಿತ್ತು. ಮಣೆಯ ಮೇಲೆ ಕೂತ ಜಾಗದಲ್ಲೇ ತಾನು ಕುಗ್ಗಿ ಕುಗ್ಗಿ ಬದನೆಕಾಯ ತೊಟ್ಟಿನಷ್ಟಾದಂತೆ ಅನ್ನಿಸಿತು.

"ನಾ ಸುಳ್ಳ ಹೇಳ್ದೆ, ಬಾಯಾರ."

"ಗೊತ್ತಾತು, ಬಿಡ್ರಿ."

"ಯಾರೋ ಕಳ್ಳರು ಹೊಡದಾರಂತ ತಿಳಕೊಂಡಿದ್ದೆ. ನಾ ಯಾರಂತ ಕೇಳದೇ ನಂಬರ್ ಹೇಳಿಬಿಟ್ಟೆ. ಅದನ್ನ ನಿಮಗ ಹೇಳಾಕ ಬಾಯಿ ಬರಲಿಲ್ಲ. ಆದ್ರ ನೀವೇ ಯಾಕ ಫೋನ್ ಮಾಡ್ಲಿಲ್ರಿ?"

"ನಾ ಮಾಡಿದ್ರ ನೀವು ದನಿ ಗುರ್ತ ಹಿಡೀತೀರಿ. ಯಾತಕ್ಕ ಅಂತ ಕೇಳ್ತೀರಿ."

"ಕೇಳಿದ್ರ ಏನಾತ್ರಿ?"

"ನಾ ಹೇಳಬೇಕಾಗ್ತದಲ್ರಿ," ಎಂದಳು ಲಲಿತಾಬಾಯಿ. ಉಂಡೆಯನ್ನು ಹಿಟ್ಟಿನಲ್ಲಿ ಹೊರಳಿಸಿದಳು. "ಇವರಿಗಿ ಹೆದರಿ ನಿಮ್ಮ ಬಲ್ಲಿ ಇಟ್ಟೆ. ಇವರಿಗರೆ ಒಂದು ಮಾತು ಏನಾರ ಹೇಳಿ ತಪ್ಪಿಸ್ಕೋಬಹುದು. ನಿಮ್ಮ ಫೋನ ಒದರ್ತದ, ಆಪಾ. ರಾತ್ರಿ ಕನಸಿನ್ಯಾಗೂ ಒದರ್ತದ. ಸಂತ್ಯಾಗ ಒಂದು ಚಾದರ ಎತ್ತಿ ನೋಡಿದ್ರ ನಿಮ್ಮ ಮಾರಿ ಕಾಣ್ತದ. ಸಿಟ್ಟಾಗಬ್ಯಾಡ್ರಿ."

ಸಿಟ್ಟಿಲ್ಲ ಎಂದಳು ತಸ್ಲೀಮ. ಸಿಟ್ಟಿರಲೂ ಇಲ್ಲ. ಇದ್ದದ್ದು ಒಂದೇ ಪ್ರಶ್ನೆ, ಬಾಯಿಯ ತುಂಬ ಬಿಸಿ ಅನ್ನದಂತೆ ತುಂಬಿಕೊಂಡಿತ್ತು, ನುಂಗಲೂ ಆಗದು ಉಗುಳಲೂ ಆಗದು: ಯಾತಕ್ಕ? ಕಣ್ಣು ಅವಳ ಅಪ್ಪಣೆ ಕೇಳದೆ ಅಡುಗೆಮನೆಯನ್ನು ಜಾಲಾಡಿತು. ಅದೇ ಹಂಚು, ಜೋಳ ತುಂಬುವ ಅದೇ ಸೀಳುಬಿಟ್ಟ ಕೊಮ್ಮೆ, ಅದೇ ಅಲ್ಯುಮಿನಿಯಂ ಡಬ್ಬಿಗಳು. ಲಲಿತಾಬಾಯಿಯ ಕಿವಿಯಲ್ಲಿ ಅದೇ ಓಲೆ. ಐಶ್ವರ್ಯಾಳ ಕೊರಳು? ಹಿತ್ತಲಲ್ಲಿ ದನ? ಇಲ್ಲ. ಯಾರಿಗೋ ಕೊಟ್ಟಳೇ? ಮಗನಿಗೆ? ಎಲ್ಲಾದರೂ ಹೊರಟಿದ್ದಾಳೆಯೇ? ಒಂದು ಲಕ್ಷ ಹದಿನಾಲ್ಕು ಸಾವಿರಕ್ಕೆ ಏನೇನು ಬರುತ್ತದೆ ಎಂದು ಮೂರು ತಾಲೂಕಿಗೆ ಹೇಳಿಕೊಡುವವಳಿಗೆ ಆ ಮನೆಯಲ್ಲಿ ಒಂದು ಹೊಸ ಚಮಚವೂ ಕಾಣಲಿಲ್ಲ. ಮತ್ತು ಹುಡುಕುತ್ತಿರುವ ಆ ಕಣ್ಣನ್ನು ಲಲಿತಾಬಾಯಿ ನೋಡುತ್ತಿದ್ದಳು. ತಸ್ಲೀಮ ಕಣ್ಣನ್ನು ಎಳೆದು ತಂದು ತನ್ನ ಕಾಲ್ಬೆರಳುಗಳ ಮೇಲೆ ಇಟ್ಟುಕೊಂಡಳು.

"ಬ್ಯಾಂಕಿನ್ಯಾಗ ನಂಬರ್ ಬದಲಿ ಮಾಡೂ ಫಾರಂ ಇರ್ತದಂತಲ್ರಿ," ಎಂದಳು ಲಲಿತಾಬಾಯಿ. "ಇವತ್ತ ನೀವೇ ಬಂದೀರಿ, ಬರಕೊಟ್ಟು ಹೋಗ್ರಿ. ನಾಳಿ ನಾನೇ ಹೋಗಿ ಕೊಡ್ತೇನಿ. ಒಂದು ಸಣ್ಣ ಫೋನ್ ತಗೊಂಡೀನಿ."

ಫಾರಂ ತಸ್ಲೀಮಳ ಬ್ಯಾಗಿನಲ್ಲಿ ಯಾವಾಗಲೂ ಇರುತ್ತದೆ, ಕಟ್ಟುಗಟ್ಟಲೆ. ಆದರೆ ಏಳು ವರ್ಷದಲ್ಲಿ ಅದನ್ನು ಬೇರೆಯವರ ನಂಬರಿನಿಂದ ತನ್ನ ನಂಬರಿಗೆ ಬದಲಿಸಲಿಕ್ಕೆ ಮಾತ್ರ ತೆಗೆದಿದ್ದಳು. ಮೊಳಕಾಲ ಮೇಲಿಟ್ಟು ಬರೆದಳು. ಹೆಸರು, ಗಂಡನ ಹೆಸರು, ಖಾತೆಯ ಸಂಖ್ಯೆ. ಖಾತೆಯ ಸಂಖ್ಯೆಗೆ ನೋಟ್‌ಬುಕ್ಕು ಬೇಕಾಗಲಿಲ್ಲ. ಹಳೆಯ ನಂಬರು ಎಂಬಲ್ಲಿ ತನ್ನದನ್ನು ಬರೆದಳು. ಹೊಸ ನಂಬರು ಎಂಬಲ್ಲಿ ಹತ್ತು ಚೌಕಗಳಿದ್ದವು. ಮೊದಲನೆಯ ಚೌಕದ ಮೇಲೆ ಪೆನ್ನು ಊರಿ "ಹೇಳ್ರಿ" ಎಂದಳು.

ಲಲಿತಾಬಾಯಿ ಕೈಯ ಹಿಟ್ಟನ್ನು ಸೆರಗಿಗೆ ಒರೆಸಿದಳು, ಒರೆಸಿದ್ದು ಸಾಲದೆಂಬಂತೆ ಇನ್ನೊಂದು ಸಲ ಒರೆಸಿದಳು. "ಪೆನ್ ಇತ್ತ ಕೊಡ್ರಿ," ಎಂದಳು.

ಕೊಟ್ಟಳು. ಲಲಿತಾಬಾಯಿ ಫಾರಮ್ಮನ್ನು ರೊಟ್ಟಿ ಬಡಿಯುವ ಕಲ್ಲಿನ ಅಂಚಿಗೆ ಇಟ್ಟುಕೊಂಡು, ಎಡಗೈಯನ್ನು ಬಾಗಿಸಿ ಕಾಗದದ ಸುತ್ತ ಒಂದು ಮರೆ ಕಟ್ಟಿದಳು, ಪರೀಕ್ಷೆಯಲ್ಲಿ ಪಕ್ಕದವಳಿಗೆ ತೋರಿಸದ ಹುಡುಗಿಯ ಹಾಗೆ. ಆಗ ತಸ್ಲೀಮ ಮಣೆಯ ಮೇಲೆಯೇ ಪೂರ್ತಿ ತಿರುಗಿ ಗೋಡೆಗೆ ಮುಖ ಮಾಡಿ ಕೂತಳು. ಹೊಗೆಯಿಂದ ಕಪ್ಪಾದ ಗೋಡೆ. ಬೆನ್ನ ಹಿಂದೆ ಪೆನ್ನು ಕಾಗದವನ್ನು ಕೆರೆಯುತ್ತಿತ್ತು, ಬಹಳ ನಿಧಾನ, ಒಂದೊಂದು ಅಂಕಿಗೂ ಒಂದೊಂದು ಯುಗ. ಕೇಳಬಾರದು ಎಂದುಕೊಂಡಳು. ಕಿವಿ ಕೇಳುತ್ತಿತ್ತು. ಇದು ದುಂಡಗೆ ಹೋಯಿತು, ಒಂಬತ್ತೋ ಸೊನ್ನೆಯೋ. ಇದು ಒಂದೇ ಎಳೆತ, ಒಂದಿರಬೇಕು. ಇದಕ್ಕೆ ಎರಡು ಹೊಟ್ಟೆ, ಎಂಟು. ಕಿವಿಯ ಮೇಲೆ ಕೈ ಇಟ್ಟುಕೊಳ್ಳೋಣವೆಂದರೆ ಅದು ಲಲಿತಾಬಾಯಿಗೆ ಕಾಣುತ್ತದೆ. ಗಂಟಲು ಕೆರೆದಳು, ಕೆಮ್ಮಿದಳು, ಹೊರಗಿನ ಹಾವಗೆಪ್ಪನಿಗೆ ಕೇಳುವಂತೆ "ಕುಸ್ತಿ ಯಾರ್ ಗೆದ್ರಿ?" ಎಂದು ಕೂಗಿದಳು, ಜೀವಮಾನದಲ್ಲಿ ಕುಸ್ತಿ ನೋಡದವಳು. ಅವನು ಯಾವುದೋ ಪೈಲವಾನನ ಹೆಸರು ಹೇಳಿ ದೊಡ್ಡ ಕಥೆ ಶುರು ಮಾಡಿದ. ಹೇಳಲಿ, ಹೇಳಲಿ, ಇನ್ನೂ ಜೋರಾಗಿ ಹೇಳಲಿ.

ಪೆನ್ನಿನ ಸದ್ದು ನಿಂತಿತು. ಹತ್ತಾಗಿರಲಿಕ್ಕಿಲ್ಲ. ಆರೋ ಏಳೋ ಆಗಿತ್ತು ಅಷ್ಟೆ, ಎಣಿಸಬಾರದೆಂದರೂ ಎಣಿಸಿದ್ದಳು.

"ಆಪಾ," ಎಂದಿತು ಬೆನ್ನ ಹಿಂದಿನ ದನಿ, ಸಂಕೋಚದಿಂದ. "ಇಂಗ್ಲಿಷ್ ಏಳು ಯಾ ಕಡಿ ಮಾರಿ ಮಾಡ್ತದ್ರಿ? ಮರತೀನಿ."

ತಸ್ಲೀಮ ತಿರುಗಲಿಲ್ಲ. ಕೈಯನ್ನು ತಲೆಗಿಂತ ಮೇಲೆ ಚಾಚಿ, ಹಿಂದೆ ಕೂತವಳಿಗೆ ಕಾಣುವಷ್ಟು ದೊಡ್ಡದಾಗಿ, ಮಸಿ ಹಿಡಿದ ಗೋಡೆಯ ಮೇಲೆ ತೋರುಬೆರಳಿನಿಂದ ಒಂದು ಏಳನ್ನು ಎಳೆದಳು. ಸ್ವಲ್ಪ ಹೊತ್ತಿನ ಮೇಲೆ ಪೆನ್ನು ಮತ್ತೆ ಕೆರೆಯತೊಡಗಿತು.